ಬಾಲು ಮಹೇಂದ್ರರ ಬಾಡಿಗೆ ಮನೆಗಳು

ಮದ್ರಾಸಿನ ಮಾಂಬಲಂ ರೈಲು ನಿಲ್ದಾಣದಲ್ಲಿ ಇಳಿದವರ ಮುಂದೆ ಎರಡು ಊರುಗಳಿವೆ. ಪೂರ್ವಕ್ಕೆ ಇಳಿದರೆ ರಂಗನಾಥನ್ ಬೀದಿ: ಸೀರೆ, ಸ್ಟೀಲ್ ಪಾತ್ರೆ, ಚಿನ್ನ, ಜನರ ತಳ್ಳಾಟ. ಅದು ಟಿ. ನಗರ. ಪಶ್ಚಿಮಕ್ಕೆ ಇಳಿದರೆ ವೆಸ್ಟ್ ಮಾಂಬಲಂ. ಅಯೋಧ್ಯಾ ಮಂಟಪದ ಪ್ರವಚನ, ತರಕಾರಿ ಗಾಡಿ, ಮೆಸ್ಸು, ಟೈಪಿಂಗ್ ಇನ್‌ಸ್ಟಿಟ್ಯೂಟ್, ಗುಮಾಸ್ತರು, ಮೇಷ್ಟ್ರುಗಳು, ಪುರೋಹಿತರು. ಒಂದು ಕಾಲಕ್ಕೆ ಈ ಕಡೆಯ ಸೊಳ್ಳೆಗಳ ಬಗ್ಗೆ, ಆನೆಕಾಲು ರೋಗದ ಬಗ್ಗೆ ಇಡೀ ಮದ್ರಾಸು ತಮಾಷೆ ಮಾಡುತ್ತಿತ್ತು. ಇಲ್ಲೊಂದು ಲೇಕ್ ವ್ಯೂ ರಸ್ತೆಯಿದೆ. ಅಲ್ಲಿ ನಿಂತು ಎಷ್ಟು ಕತ್ತು ಚಾಚಿದರೂ ಕೆರೆ ಕಾಣುವುದಿಲ್ಲ. 1920ರ ದಶಕದಲ್ಲಿ ಮದ್ರಾಸಿನ ಉದ್ದನೆಯ ಕೆರೆಯನ್ನು ತುಂಬಿಸಿ ಹೊಸ ಬಡಾವಣೆ ಮಾಡಲು ಶುರುಮಾಡಿದರು. ನೀರು ಹೋಯಿತು, ರಸ್ತೆಗೆ ಹೆಸರು ಉಳಿಯಿತು.

ವೆಸ್ಟ್ ಮಾಂಬಲಂನಲ್ಲಿ ಮನೆ ಎಂದರೆ ಬಹುಕಾಲ ಪೋರ್ಷನ್ ಎಂದೇ ಅರ್ಥ. ದೊಡ್ಡ ಮನೆಯೊಂದನ್ನು ನಾಲ್ಕೈದು ಸಂಸಾರಗಳಿಗೆ ಹೋಳು ಮಾಡಿ ಕೊಟ್ಟಿರುತ್ತಾರೆ. ಒಬ್ಬರ ಅಡುಗೆಮನೆಯ ಒಗ್ಗರಣೆ ಇನ್ನೊಬ್ಬರ ನಡುಮನೆಯಲ್ಲಿ ಸೀನು ತರಿಸುತ್ತದೆ. ಓನರ್ ಕರೆದ ದಿನ ಖಾಲಿ ಮಾಡಬೇಕು. ಮುಂದಿನ ರೈಲು ನಿಲ್ದಾಣ ಕೋಡಂಬಾಕ್ಕಂ, ಅದರಾಚೆ ವಡಪಳನಿ, ಸಾಲಿಗ್ರಾಮಂ, ಸ್ಟುಡಿಯೋಗಳು. 70ರ ದಶಕದ ತನಕ ಕನ್ನಡ ಸಿನಿಮಾ ಕೂಡ ಬಹುಮಟ್ಟಿಗೆ ಅಲ್ಲೇ ತಯಾರಾಗುತ್ತಿತ್ತು. ರಾಜ್‌ಕುಮಾರ್ ಅವರ ಸಂಸಾರ ಮದ್ರಾಸಿನಲ್ಲೇ ಇತ್ತು. ಪುನೀತ್ ಹುಟ್ಟಿದ್ದೂ ಅಲ್ಲೇ, 1975ರಲ್ಲಿ. ಆದರೆ ಸ್ಟುಡಿಯೋದೊಳಗೆ ಕಟ್ಟಿದ ಮನೆಗಳು ಬೇರೆಯೇ ಆಗಿದ್ದವು. ನಾಯಕನಿಗೆ ಗುಡಿಸಲು ಅಥವಾ ಬಂಗಲೆ, ಬಂಗಲೆಯಲ್ಲಿ ಎರಡು ಕಡೆಯಿಂದ ಇಳಿಯುವ ಮೆಟ್ಟಿಲು. ಹತ್ತಿರದಲ್ಲೇ ಇದ್ದ ಪೋರ್ಷನ್ ಮನೆಗಳು ಪರದೆಗೆ ಬರುತ್ತಿದ್ದದ್ದು ಕಡಿಮೆ.

ಅಂಥ ಮನೆಗಳಲ್ಲಿ ಬದುಕುವವರ ಕಷ್ಟವನ್ನು, ಬಾಡಿಗೆಯ ಲೆಕ್ಕವನ್ನೂ ಬಿಡದೆ, ಸಿನಿಮಾ ಮಾಡಿದವರು ಬಾಲು ಮಹೇಂದ್ರ. ಅವರು ಆ ಬೀದಿಯವರಲ್ಲ, ಆ ಊರಿನವರಲ್ಲ, ಆ ದೇಶದವರೂ ಅಲ್ಲ. ನಿರ್ದೇಶಕರಾಗಿ ಅವರು ಮೊದಲು ಕಾಲಿಟ್ಟದ್ದು ತಮಿಳಿಗೂ ಅಲ್ಲ, ಕನ್ನಡಕ್ಕೆ.

ಹುಟ್ಟಿದ್ದು 1939ರ ಮೇ 20ರಂದು, ಶ್ರೀಲಂಕಾದ ಮಟ್ಟಕ್ಕಳಪ್ಪು ಬಳಿಯ ಅಮಿರ್ದಕಳಿಯಲ್ಲಿ. ಶಾಲಾ ಹುಡುಗನಾಗಿದ್ದಾಗ ಪ್ರವಾಸ ಹೋದಾಗ ಡೇವಿಡ್ ಲೀನ್ 'ದ ಬ್ರಿಜ್ ಆನ್ ದ ರಿವರ್ ಕ್ವಾಯ್' ಚಿತ್ರೀಕರಿಸುತ್ತಿದ್ದದ್ದನ್ನು ಕಂಡ ಕಥೆಯನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನಿರ್ದೇಶಕ ಮಳೆ ಎಂದು ಕೂಗಿದ, ಮಳೆ ಬಂತು! ಪೈಪಿನ ಮಳೆಯೇ ಇರಬಹುದು, ಆದರೂ ಹುಡುಗನಿಗೆ ಅಷ್ಟು ಸಾಕಾಗಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣ ಕಲಿತು 1969ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ರಾಮು ಕಾರ್ಯಾಟ್ ತಮ್ಮ ಮಲಯಾಳಂ ಚಿತ್ರ 'ನೆಲ್ಲು'ವಿಗೆ ಕ್ಯಾಮೆರಾ ಕೊಟ್ಟರು. ಕಿಟಕಿಯಿಂದ ಬರುವ ಬೆಳಕೇ ಸಾಕು, ಮುಖದ ಒಂದು ಪಕ್ಕ ಕತ್ತಲಲ್ಲಿದ್ದರೂ ನಡೆಯುತ್ತದೆ ಎನ್ನುವ ಛಾಯಾಗ್ರಾಹಕ ಆಗಿನ ಮದ್ರಾಸಿಗೆ ಹೊಸಬ. ಸ್ಟುಡಿಯೋದ ಹತ್ತಾರು ದೀಪಗಳಿಗೆ ಒಗ್ಗಿಕೊಂಡಿದ್ದ ಕಣ್ಣುಗಳಿಗೆ ಅದು ಕೆಲಸ ಅರ್ಧಕ್ಕೆ ಬಿಟ್ಟಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

1977ರಲ್ಲಿ 'ಕೋಕಿಲಾ' ಬಂತು. ಕನ್ನಡ ಚಿತ್ರ, ಕಪ್ಪು-ಬಿಳುಪು, ಸಂಗೀತ ಸಲೀಲ್ ಚೌಧರಿ. ತಾರಾಗಣದಲ್ಲಿ ಕಮಲ್ ಹಾಸನ್, ಶೋಭಾ, ರೋಜಾರಮಣಿ. ಬಿ.ವಿ. ಕಾರಂತರ ರಂಗಭೂಮಿಯಿಂದ ಬಂದ ಮೋಹನ್ ಎಂಬ ಹೊಸ ಹುಡುಗನೂ ಇದ್ದ. ಆತ ತಮಿಳಿಗೆ ಹೋಗಿ ದೊಡ್ಡ ನಟನಾದ ಮೇಲೂ ಜನ 'ಕೋಕಿಲಾ ಮೋಹನ್' ಎಂದೇ ಕರೆದರು. ಕಥೆ ಸರಳ. ಒಬ್ಬ ಯುವಕ ಒಂದು ಮನೆಗೆ ಬಾಡಿಗೆಗೆ ಬರುತ್ತಾನೆ. ಮನೆಯ ಮಗಳನ್ನು ಪ್ರೀತಿಸುತ್ತಾನೆ. ಒಂದು ರಾತ್ರಿಯ ತಪ್ಪಿಗೆ ಮನೆಗೆಲಸದ ಹುಡುಗಿ ಬಸುರಾಗುತ್ತಾಳೆ. ಇಷ್ಟನ್ನು ನೀತಿಪಾಠ ಮಾಡುವುದು ಸುಲಭವಿತ್ತು. ಬಾಲು ಅದನ್ನು ಒಂದು ಮನೆಯ ಕಥೆ ಮಾಡಿದರು: ಯಾವ ಕೋಣೆ ಯಾರದು, ಯಾರು ಯಾವ ಬಾಗಿಲಿನಿಂದ ಬರಬಹುದು, ಯಾರು ಹಿತ್ತಲಲ್ಲೇ ಉಳಿಯಬೇಕು. ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕಥೆಗೆ ಕರ್ನಾಟಕ ರಾಜ್ಯ ಪ್ರಶಸ್ತಿ. ಕನ್ನಡದ ಈ ಚಿತ್ರ ಮದ್ರಾಸಿನಲ್ಲಿ ನೂರು ದಿನ ದಾಟಿ ಓಡಿತು. ಕನ್ನಡ ಬಾರದ ಕಾಲೇಜು ಹುಡುಗರು ಕನ್ನಡ ಚಿತ್ರಕ್ಕೆ ಕ್ಯೂ ನಿಂತ ಕಾಲವದು.

ಆರು ವರ್ಷಗಳ ನಂತರ ಕನ್ನಡ ಇನ್ನೊಬ್ಬನಿಗೂ ಮೊದಲ ಬಾಗಿಲು ತೆರೆಯಿತು. ಸಿನಿಮಾ ಅನುಭವವೇ ಇಲ್ಲದ ಮಣಿರತ್ನಂ ಎಂಬ ಯುವಕ ತನ್ನ ಮೊದಲ ಚಿತ್ರಕ್ಕೆ ಬಾಲು ಮಹೇಂದ್ರರ ಕ್ಯಾಮೆರಾ ಬೇಕೆಂದ. 'ಪಲ್ಲವಿ ಅನುಪಲ್ಲವಿ' 1983ರಲ್ಲಿ ಬಂತು. ಅಷ್ಟರಲ್ಲಿ 'ಶಂಕರಾಭರಣಂ' ಚಿತ್ರಿಸಿ, 'ಮೂನ್ರಾಂ ಪಿರೈ' ನಿರ್ದೇಶಿಸಿದ್ದವರು ಒಬ್ಬ ಹೊಸಬನಿಗೆ ಕ್ಯಾಮೆರಾ ಹಿಡಿಯಲು ಒಪ್ಪಿದರು ಎಂಬುದೇ ಒಂದು ವಿಶೇಷ. ಅದರ ಚಿತ್ರಕಥೆಗೂ ರಾಜ್ಯ ಪ್ರಶಸ್ತಿ ಬಂತು. ಇಬ್ಬರೂ ಮುಂದೆ ತಮಿಳಿನ ಆಸ್ತಿಯಾದರು. ಕನ್ನಡದಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಅವರಲ್ಲಿ ಒಬ್ಬರೂ ಇಲ್ಲಿ ಎರಡನೆಯ ಚಿತ್ರ ನಿರ್ದೇಶಿಸಲಿಲ್ಲ ಎಂಬುದನ್ನು ಅಷ್ಟು ಜೋರಾಗಿ ಹೇಳುವುದಿಲ್ಲ.

ಈ ಕಥೆಯಲ್ಲಿ ದಾಟಿ ಹೋಗಲಾಗದ ಒಂದು ಪುಟವಿದೆ. 'ಕೋಕಿಲಾ'ದ ಶೋಭಾ 'ಪಸಿ' ಚಿತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದವರು. ಸಂಸಾರಸ್ಥರಾದ ಬಾಲು ಮಹೇಂದ್ರರ ಜೊತೆಗಿನ ಅವರ ಸಂಬಂಧ ಚಿತ್ರರಂಗಕ್ಕೆಲ್ಲ ಗೊತ್ತಿತ್ತು. 1980ರ ಮೇ 1ರಂದು ಶೋಭಾ ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು ಹದಿನೇಳು. ಬಾಲುವಿಗೆ ಆಗ ನಲವತ್ತು ದಾಟಿತ್ತು. ಅವರ ಚಿತ್ರಗಳಲ್ಲಿ ಹೆಣ್ಣಿನ ಬಗ್ಗೆ ಇರುವ ಮೃದುತ್ವವನ್ನು ಮೆಚ್ಚಿ ಬರೆಯುವವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಬರೆಯಬೇಕು. ಮಲಯಾಳಂನ ಕೆ.ಜಿ. ಜಾರ್ಜ್ 1983ರಲ್ಲಿ ಇದರ ನೆರಳಿರುವ ಒಂದು ಚಿತ್ರವನ್ನೇ ಮಾಡಿದರು.

80ರ ದಶಕದಲ್ಲಿ ತೆಲುಗು, ಮಲಯಾಳಂ, ಹಿಂದಿ ಎಂದು ಸುತ್ತಾಡಿ, ಕೆಲವು ಸಾಧಾರಣ ಚಿತ್ರಗಳನ್ನೂ ಮಾಡಿ, 1987ರಲ್ಲಿ ಅವರು 'ವೀಡು' ತೆಗೆದರು. ವೀಡು ಎಂದರೆ ಮನೆ. ಕಥೆ ಅವರ ಪತ್ನಿ ಅಖಿಲಾ ಅವರದು. ತಾಯಿ ಮನೆ ಕಟ್ಟಿಸಲು ಹೊರಟ ಮೇಲೆ ಅವರ ಸ್ವಭಾವವೇ ಬದಲಾದದ್ದನ್ನು ಬಾಲು ಬಾಲ್ಯದಲ್ಲಿ ಕಂಡಿದ್ದರಂತೆ. ಚಿತ್ರದಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ. ಹಿನ್ನೆಲೆಗೆ ಇಳಯರಾಜಾ ಅವರ 'ಹೌ ಟು ನೇಮ್ ಇಟ್' ಧ್ವನಿಸುರುಳಿಯ ತುಣುಕುಗಳಿವೆ, ಅಷ್ಟೇ.

ಸುಧಾ ಕೆಲಸಕ್ಕೆ ಹೋಗುವ ಹುಡುಗಿ. ಜೊತೆಗೆ ತಂಗಿ, ಮುದಿ ತಾತ. ಓನರ್ ಮನೆ ಖಾಲಿ ಮಾಡಿ ಎನ್ನುತ್ತಾನೆ. ಬೀದಿ ಬೀದಿ ಅಲೆಯುತ್ತಾರೆ. ಮುಂಗಡ ಕೇಳಿದರೆ ಎದೆ ಒಡೆಯುತ್ತದೆ. ಅಷ್ಟು ಬಾಡಿಗೆ ಕೊಡುವ ಬದಲು ಸ್ವಂತಕ್ಕೆ ಕಟ್ಟಿಕೊಳ್ಳಬಾರದೇ ಎಂದು ಯಾರೋ ಬೀಜ ಬಿತ್ತುತ್ತಾರೆ. ಅಲ್ಲಿಂದ ಮುಂದೆ ಭಾರತದ ಯಾವ ಊರಿನಲ್ಲಿ ಮನೆ ಕಟ್ಟಿಸಿದವರಿಗೂ ಗೊತ್ತಿರುವುದೇ: ಸಾಲ, ನಕ್ಷೆಗೆ ಲಂಚ, ಸಿಮೆಂಟು ಕದಿಯುವ ಕಾಂಟ್ರಾಕ್ಟರ್. ಕಳ್ಳತನವನ್ನು ಬಯಲು ಮಾಡುವವಳು ಇಟ್ಟಿಗೆ ಹೊರುವ ಹೆಂಗಸು. ತಾತನ ಪಾತ್ರಕ್ಕೆ ಬಾಲು ಕರೆತಂದದ್ದು ಹಳೆಯ ನಾಟಕ ಕಂಪನಿಗಳ ಕಾಲದ ಚೊಕ್ಕಲಿಂಗ ಭಾಗವತರನ್ನು. ಒಂದು ದಿನ ತಾತ ಯಾರಿಗೂ ಹೇಳದೆ ಅರ್ಧ ಎದ್ದ ಮನೆಯನ್ನು ನೋಡಲು ಹೋಗುತ್ತಾನೆ. ಗಾರೆ ಕಾಣದ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಾನೆ. ಬಾಗಿಲಿಲ್ಲದ ಬಾಗಿಲಿನಿಂದ ಒಳಗೆ ಹೋಗುತ್ತಾನೆ. ಆ ನಿಮಿಷಗಳಲ್ಲಿ ಮಾತು ಬೇಕಾಗಿಲ್ಲ. ಮನೆ ನೋಡಿದ ಸಂತೋಷದಲ್ಲೇ ಅವನು ಸಾಯುತ್ತಾನೆ. ಕೊನೆಗೆ ನೀರು ಸರಬರಾಜು ಇಲಾಖೆಯವರು ಬಂದು ಈ ಜಾಗ ಎಂದೋ ನಮ್ಮ ಸ್ವಾಧೀನಕ್ಕೆ ಬಂದಿದೆ ಎನ್ನುತ್ತಾರೆ. ಕೆರೆ ತುಂಬಿಸಿ ಬಡಾವಣೆ ಮಾಡಿದ ಊರಿನಲ್ಲಿ ನೀರಿನ ಇಲಾಖೆಯೇ ಬಂದು ಮನೆ ಕೇಳುವುದರ ವ್ಯಂಗ್ಯ ಬಾಲು ಬೇಕೆಂದೇ ಇಟ್ಟದ್ದೋ ಇಲ್ಲವೋ, ಲೇಕ್ ವ್ಯೂ ರಸ್ತೆಯವರಿಗೆ ಅದು ಹೊಳೆಯದೆ ಇರದು.

'ವೀಡು' ಶ್ರೇಷ್ಠ ತಮಿಳು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಸುಧಾ ಪಾತ್ರದ ಅರ್ಚನಾ ಶ್ರೇಷ್ಠ ನಟಿಯಾದರು. ಇಂಥ ಚಿತ್ರಕ್ಕೆ ಮುಂದಿನ ಹಣ ಕೋಡಂಬಾಕ್ಕಂನಿಂದ ಹುಟ್ಟುವುದು ಕಷ್ಟ. ಆಗ ನೆರವಿಗೆ ಬಂದದ್ದು ದೂರದರ್ಶನ. ಅದಕ್ಕಾಗಿ 1989ರಲ್ಲಿ 'ಸಂಧ್ಯಾ ರಾಗಂ' ಮಾಡಿದರು. ಹೆಂಡತಿ ಸತ್ತ ಮುದುಕನೊಬ್ಬ ಹಳ್ಳಿ ಬಿಟ್ಟು ಮದ್ರಾಸಿನಲ್ಲಿರುವ ಅಣ್ಣನ ಮಗನ ಸಣ್ಣ ಮನೆಗೆ ಬರುತ್ತಾನೆ. ಕೆಟ್ಟವರು ಯಾರೂ ಇಲ್ಲ. ಜಾಗ ಇಲ್ಲ, ಸಂಬಳ ಸಾಲದು, ಅಷ್ಟೇ ತೊಂದರೆ. ಮತ್ತೆ ಭಾಗವತರು, ಮತ್ತೆ ಅರ್ಚನಾ, ಮತ್ತೆ ರಾಷ್ಟ್ರಪ್ರಶಸ್ತಿ.

ಅದೇ ಹೊತ್ತಿಗೆ ಪುಣೆಯ ಇನ್ನೊಬ್ಬ ವಿದ್ಯಾರ್ಥಿ ಗಿರೀಶ ಕಾಸರವಳ್ಳಿ ಕನ್ನಡದಲ್ಲಿ 'ಮನೆ' ತೆಗೆಯುತ್ತಿದ್ದರು. ಅಲ್ಲೂ ನಗರಕ್ಕೆ ಬಂದ ದಂಪತಿ, ಅಲ್ಲೂ ಬಾಡಿಗೆ ಮನೆ. ಪಕ್ಕದ ಶೆಡ್ಡಿನ ಸದ್ದು ಸಂಸಾರವನ್ನೇ ಕೊರೆಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಸ್ವಭಾವದ ವ್ಯತ್ಯಾಸ ಗೊತ್ತಾಗುತ್ತದೆ. ಕಾಸರವಳ್ಳಿಯವರಿಗೆ ಮನೆ ಒಂದು ರೂಪಕ. ಬಾಲುವಿಗೆ ಅದು ಇಟ್ಟಿಗೆ, ಸಿಮೆಂಟು, ಬಾಕಿ ಕಂತು.

90ರ ದಶಕ ಅವರಿಗೆ ಏರುಪೇರಿನದು. 1995ರ 'ಸತಿ ಲೀಲಾವತಿ' ಗೆದ್ದಿತು. ಅದರಲ್ಲಿ ನಟಿಸಿದ್ದ ನಮ್ಮ ರಮೇಶ್ ಅರವಿಂದ್ ಹತ್ತು ವರ್ಷದ ನಂತರ ಅದನ್ನೇ 'ರಾಮ ಶಾಮ ಭಾಮ' ಮಾಡಿ ನಿರ್ದೇಶಕರಾದರು. 'ಕೋಕಿಲಾ'ವನ್ನು ಬಾಲು 1996ರಲ್ಲಿ ಹಿಂದಿಯಲ್ಲಿ ಮತ್ತೆ ತೆಗೆದಾಗಲೂ ಬಾಡಿಗೆಗೆ ಬರುವವನು ರಮೇಶ್. 1997ರ 'ರಾಮನ್ ಅಬ್ದುಲ್ಲಾ' ಹೊತ್ತಿಗೆ ತಮಿಳು ಚಿತ್ರರಂಗ ಕಾರ್ಮಿಕ ಸಂಘಟನೆ ಮತ್ತು ನಿರ್ದೇಶಕರ ಜಗಳದಲ್ಲಿ ಸ್ತಬ್ಧವಾಗಿತ್ತು. ಆಮೇಲೆ ಆರು ವರ್ಷ ಅವರ ಚಿತ್ರವಿಲ್ಲ.

ಆ ಆರು ವರ್ಷಗಳ ನಡುವೆ ಅವರು ಟೆಲಿವಿಷನ್ನಿಗೆ ಹೋದರು. ಸನ್ ಟೀವಿಗೆ 'ಕದೈ ನೇರಂ', ಅಂದರೆ ಕಥೆಯ ಹೊತ್ತು. ವಾರಕ್ಕೊಂದು ತಮಿಳು ಸಣ್ಣಕಥೆ, ಒಟ್ಟು 52. ಮೆಗಾ ಧಾರಾವಾಹಿ ಬೇರೂರುತ್ತಿದ್ದ ಕಾಲವದು. ಕನ್ನಡದಲ್ಲಿ ಟಿ.ಎನ್. ಸೀತಾರಾಂ 'ಮಾಯಾಮೃಗ'ದಿಂದ ದಿನಾ ಮುಂದುವರಿಯುವ ಕಥೆಗೆ ಮರ್ಯಾದೆ ತಂದುಕೊಟ್ಟರೆ, ಬಾಲು ಇಂದೇ ಮುಗಿಯುವ ಕಥೆಯನ್ನು ಹಿಡಿದರು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್'ನಲ್ಲಿ ಒಬ್ಬ ಲೇಖಕನ ಒಂದು ಊರನ್ನು ಕಟ್ಟಿದ್ದರು. ಇಲ್ಲಿ ಲೇಖಕರು ಹಲವರು. ನಾಗರಕೋವಿಲಿನ ಸುಂದರ ರಾಮಸ್ವಾಮಿ ಇದ್ದರು, ಮಾಲನ್ ಇದ್ದರು, ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರಾಗಿದ್ದುಕೊಂಡೇ ಬರೆದ ಸುಜಾತಾ ಇದ್ದರು. ಇಪ್ಪತ್ತು ಚಿಲ್ಲರೆ ನಿಮಿಷ, ಎರಡು ಕೋಣೆ, ಮೂರು ನಟರು. ಪುಟದ ಮೇಲಿನ ಒಳಮಾತನ್ನು ಕಿಟಕಿ, ಕಾಫಿ ಲೋಟ, ಚಪ್ಪಲಿ ಬಿಡುವ ರೀತಿಗಳಲ್ಲಿ ಹೇಳಬೇಕು.

ಎಲ್ಲ 52 ಚೆನ್ನಾಗಿವೆ ಎಂದರೆ ಸುಳ್ಳಾದೀತು. ಕೆಲವು ಅವಸರದಲ್ಲಿವೆ, ಕೆಲವು ಕಡೆ ವಿಡಿಯೋದ ಚಪ್ಪಟೆ ಬೆಳಕು ಬಾಲುವಿನ ಬೆಳಕೇ ಅಲ್ಲ. ಆದರೆ ಆ ಧಾರಾವಾಹಿ ಒಂದು ಶಾಲೆಯಾಗಿತ್ತು. ಇಂಗ್ಲಿಷ್ ಸಾಹಿತ್ಯದ ಓದು ಬಿಟ್ಟು ಬಂದ ವೆಟ್ರಿಮಾರನ್‌ಗೆ ಅಲ್ಲಿ ಸಿಕ್ಕ ಕೆಲಸ ಕಥೆಗಳನ್ನು ಓದಿ ಸಾರಾಂಶ ಬರೆದುಕೊಡುವುದು. ಮುಂದೆ ಅವರ ಚಿತ್ರಗಳು ಕಾದಂಬರಿ, ಸಣ್ಣಕಥೆಗಳ ಸಾಲ ಪಡೆದದ್ದಕ್ಕೆ ಆ ಗುಮಾಸ್ತಿಕೆಯೇ ಬುನಾದಿ. ಬಾಲಾ, ರಾಮ್, ಸೀನು ರಾಮಸ್ವಾಮಿ, ಕವಿ ನಾ. ಮುತ್ತುಕುಮಾರ್ ಬೇರೆ ಬೇರೆ ಕಾಲದಲ್ಲಿ ಇದೇ ಗರಡಿಯಲ್ಲಿದ್ದವರು. ಮುಂದೆ ಬಾಲು ಸಾಲಿಗ್ರಾಮಂನಲ್ಲಿ 'ಸಿನಿಮಾ ಪಟ್ಟರೈ' ತೆರೆದರು. ಪಟ್ಟರೈ ಎಂದರೆ ಕಮ್ಮಾರಸಾಲೆ.

ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿದ್ದು ಇನ್ನೊಂದು ಮನೆಯ ಪ್ರಶ್ನೆ. 'ವೀಡು', 'ಸಂಧ್ಯಾ ರಾಗಂ' ಚಿತ್ರಗಳ ನೆಗೆಟಿವ್ ಉಳಿದಿಲ್ಲ ಎಂದು ಅವರೇ ಸಭೆಗಳಲ್ಲಿ ನೊಂದು ಹೇಳಿಕೊಂಡರು. ತಮಿಳುನಾಡಿಗೆ ಒಂದು ಚಿತ್ರ ಭಂಡಾರ ಬೇಕು, ಮುಂದಿನವರಾದರೂ ತಮ್ಮ ಚಿತ್ರಗಳನ್ನು ಅಲ್ಲಿ ಇಡುವಂತಾಗಲಿ ಎಂದು ಕೇಳಿದರು. ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಲು ಒಂದು ಕೋಣೆ ಸಿಕ್ಕದೆ ಅಳಿದುಹೋದದ್ದು, ಬೇರೆಲ್ಲ ಬಿಟ್ಟು, ಮನೆಯಿಲ್ಲದವರ ಕಥೆ.

2013ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 'ತಲೈಮುರೈಗಳ್' ತೆಗೆದರು. ಸಣ್ಣ ಡಿಜಿಟಲ್ ಕ್ಯಾಮೆರಾ, ಹಳ್ಳಿಮನೆ, ಮೊಮ್ಮಗನಿಗೆ ತಮಿಳು ಕಲಿಸುವ ಅಜ್ಜ. ಅಜ್ಜನ ಪಾತ್ರ ಸ್ವತಃ ಅವರದೇ. ಜೀವನವಿಡೀ ತಲೆಯ ಮೇಲಿಂದ ಇಳಿಯದ ಟೋಪಿಯನ್ನು ಅದಕ್ಕಾಗಿ ತೆಗೆದಿಟ್ಟರು. 2014ರ ಫೆಬ್ರುವರಿ 13ರಂದು ಚೆನ್ನೈನಲ್ಲಿ ತೀರಿಕೊಂಡರು. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗೀಸ್ ದತ್ ಪ್ರಶಸ್ತಿ ಘೋಷಣೆಯಾದದ್ದು ಎರಡು ತಿಂಗಳ ನಂತರ.