ಆರಾಮ ಕೊಡುವ ಪಂಪು, ಅದು ಮುಚ್ಚಿಟ್ಟ ರೋಗ

ಉಬ್ಬಸ, ದಮ್ಮು, ಅಸ್ತಮಾ... ಯಾವ ಹೆಸರಿಂದ ಕರೆದರೂ ಉಸಿರಿಗಾಗಿ ಒದ್ದಾಡುವ ಪಾಡು ಒಂದೇ. ದೊಡ್ಡವರನ್ನು ಕಾಡುವ ತೀವ್ರ ಅಸ್ತಮಾವನ್ನು ವೈದ್ಯರು ಅರ್ಥ ಮಾಡಿಕೊಂಡ ಇತಿಹಾಸವನ್ನು ಓದುವಾಗ ನನ್ನನ್ನು ಕಾಡಿದ್ದು ಔಷಧಿಯ ಗೆಲುವಲ್ಲ, ಅದರ ಜೊತೆಗೇ ಬಂದ ಸಾವುಗಳು.

1955ರಲ್ಲಿ ಅಮೆರಿಕದ ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ನರ ಮಗಳು, ತನ್ನ ಅಸ್ತಮಾ ಔಷಧಿ ಕೂದಲಿಗೆ ಹಾಕೋ ಸ್ಪ್ರೇ ಥರ ಡಬ್ಬಿಯಲ್ಲಿ ಯಾಕೆ ಬರಲ್ಲ ಅಂತ ಕೇಳಿದಳಂತೆ. ಮರುವರ್ಷವೇ ಇನ್ಹೇಲರ್ ಮಾರುಕಟ್ಟೆಗೆ ಬಂತು. ಒಂದು ಸಲ ಒತ್ತಿದರೆ ಬಿಗಿದ ಶ್ವಾಸನಾಳ ಸಡಿಲ. ಎಂಥಾ ಆರಾಮ!

ಆದರೆ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅಸ್ತಮಾ ಸಾವುಗಳು ಏರತೊಡಗಿದವು. ಅಲ್ಲಿ ಸುಮಾರು ಐದು ಪಟ್ಟು ಜೋರಾದ ಐಸೋಪ್ರೆನಲಿನ್ 'ಫೋರ್ಟೆ' ಪಂಪು ಚಲಾವಣೆಯಲ್ಲಿತ್ತು. 1967ರಲ್ಲಿ ಎಚ್ಚರಿಕೆ ಹೊರಟಿತು, 1968ರಲ್ಲಿ ಚೀಟಿ ಇಲ್ಲದೆ ಮಾರುವುದು ನಿಂತಿತು, ಸಾವುಗಳೂ ಇಳಿದವು.

ಪಾಠ ಕಲಿತರಾ? ಇಲ್ಲ. 1976ರಲ್ಲಿ ನ್ಯೂಜಿಲೆಂಡಿಗೆ ಫೆನೊಟೆರಾಲ್ ಬಂತು. ಮಾಮೂಲಿ ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಇದರಲ್ಲಿ 200. ಅದೇ ಹೊತ್ತಿಗೆ ಅಲ್ಲಿ ಸಾವುಗಳು ದಿಢೀರನೆ ಏರಿದವು. ವೆಲಿಂಗ್ಟನ್ನಿನ ಸಂಶೋಧಕರು ಎರಡಕ್ಕೂ ನಂಟಿದೆ ಅಂತ ತೋರಿಸಿದ್ದು 1989ರಲ್ಲಿ. ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವುಗಳು ಕಡಿಮೆಯಾದವು.

ಇಲ್ಲಿ ಎರಡು ವಿಷಯ ಇವೆ. ಒಂದು, ಔಷಧಿಯ ಡೋಸು. ಇನ್ನೊಂದು ಅದಕ್ಕಿಂತ ಮೋಸದ್ದು. ಈ ಪಂಪುಗಳು ಸ್ನಾಯುವನ್ನು ಸಡಿಲಿಸುತ್ತವೆ ಅಷ್ಟೆ, ಶ್ವಾಸನಾಳದ ಒಳಗಿನ ಉರಿಯೂತ ಹಾಗೇ ಇರುತ್ತದೆ. ಉರಿಯೂತಕ್ಕೆ ಬೇಕಾದ ಉಸಿರಲ್ಲಿ ಎಳೆಯುವ ಸ್ಟೀರಾಯ್ಡ್ 1972ರಲ್ಲೇ ಬಂದಿತ್ತು. ಆದರೆ ತಕ್ಷಣ ಆರಾಮ ಸಿಗದ ಔಷಧಿಯನ್ನು ದಿನಾ ಯಾರು ತಗೊಳ್ತಾರೆ ಹೇಳಿ?

ಸ್ಟೀರಾಯ್ಡ್ ಹೆಚ್ಚು ಡೋಸಿನಲ್ಲಿ, ಇನ್ನೊಂದು ಔಷಧಿಯ ಜೊತೆ ಸರಿಯಾಗಿ ತೆಗೆದುಕೊಂಡರೂ ಬಗ್ಗದಿದ್ದರೆ, ಅಥವಾ ಅಷ್ಟೆಲ್ಲಾ ಕೊಟ್ಟರೆ ಮಾತ್ರ ಹತೋಟಿಯಲ್ಲಿದ್ದರೆ, ಅದು ತೀವ್ರ ಅಸ್ತಮಾ. ಹಾಗಂತ ಹೇಳುವ ಮೊದಲು ಅಸ್ತಮಾ ಹೌದೋ ಅಲ್ಲವೋ, ಪಂಪು ಎಳೆಯುವ ರೀತಿ ಸರಿಯಿದೆಯೋ, ದಿನಾ ತಗೊಳ್ತಾರೋ, ಧೂಮಪಾನ ಇದೆಯೋ ಎಲ್ಲ ನೋಡಬೇಕು. ಆಮೇಲೆ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಲೆಕ್ಕ.

ಈ ಲೆಕ್ಕ ಯಾಕೆ ಅಂತೀರಾ? ಮೆಪೊಲಿಜುಮಾಬ್ ಎಂಬ ಇಂಜೆಕ್ಷನ್ನಿನ ಕಥೆ ಕೇಳಿ. ಅಸ್ತಮಾ ಇರುವವರನ್ನು ಈ ಲೆಕ್ಕ ನೋಡದೇ ಆರಿಸಿ ಕೊಟ್ಟ ಪ್ರಯೋಗ 2007ರಲ್ಲಿ ಪ್ರಕಟವಾಯಿತು, ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. 2009ರಲ್ಲಿ ಲೆಸ್ಟರಿನವರು ಇಯೊಸಿನೊಫಿಲ್ ಹೆಚ್ಚಿದ್ದ, ಮತ್ತೆ ಮತ್ತೆ ಉಲ್ಬಣಿಸುತ್ತಿದ್ದ 61 ಜನರನ್ನು ಆರಿಸಿದರು. ವರ್ಷಕ್ಕೆ ಸರಾಸರಿ ಉಲ್ಬಣ ಹುಸಿ ಔಷಧಿ ಪಡೆದವರಲ್ಲಿ 3.4, ಇದನ್ನು ಪಡೆದವರಲ್ಲಿ 2.0! ಔಷಧಿ ಅದೇ, ರೋಗಿಯನ್ನು ಗುರುತಿಸಿದ ರೀತಿ ಬೇರೆ. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

2019ರಲ್ಲಿ ಅಂತಾರಾಷ್ಟ್ರೀಯ ಮಾರ್ಗಸೂಚಿ 'ಜೀನಾ', ದೊಡ್ಡವರಿಗೆ ಬರೀ ಆರಾಮದ ಪಂಪೊಂದೇ ಸಾಲದು, ಸ್ಟೀರಾಯ್ಡ್ ಇರಲೇಬೇಕು ಅಂದಿತು. ಅಷ್ಟು ಹೇಳಲು ಐವತ್ತು ವರ್ಷ ಬೇಕಾಯ್ತು ನೋಡಿ!

ನಿಮ್ಮ ಮನೆಯಲ್ಲಿ ದಮ್ಮಿನವರಿದ್ದರೆ ಆ ನೀಲಿ ಪಂಪು ವರ್ಷಕ್ಕೆ ಎಷ್ಟು ಖಾಲಿಯಾಗುತ್ತೆ ಅಂತ ಎಣಿಸಿ. 200 ಒತ್ತಿನ ಡಬ್ಬಿ ಮೂರಾದರೇ ಅದು ಎಚ್ಚರಿಕೆಯ ಗಂಟೆ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ, ಈ ಲೆಕ್ಕವನ್ನು ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.