ಜಪಾನಿನ ಮಣ್ಣಿನಲ್ಲಿ ನಮ್ಮವರು

ಸಂಘದ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಸ್ಮಶಾನದ ಮಾತೇ ಎಂದು ಹಿರಿಯರು ಯಾರಾದರೂ ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಶುಭದಿನದಂದು ಅಂಥ ವಿಷಯ ಎತ್ತುವುದು ನಮ್ಮ ರೂಢಿಯಲ್ಲ. ಆದರೆ ಊರಿನಿಂದ ಬಂದ ಅತಿಥಿಗಳನ್ನು ನಿಕ್ಕೋ, ಕಾಮಾಕುರಾ ಎಂದು ಸುತ್ತಾಡಿಸುವ ನಾವು, ಟೋಕಿಯೋ ಮತ್ತು ಯೊಕೊಹಾಮಾದ ಆಸುಪಾಸಿನಲ್ಲೇ ಇರುವ ಮೂರು ಸಮಾಧಿಸ್ಥಳಗಳ ಕಡೆಗೆ ತಲೆ ಹಾಕುವುದು ಅಪರೂಪ. ಆ ಮೂರರಲ್ಲೂ ಭಾರತದ ಚರಿತ್ರೆಯಿದೆ. ಎರಡರ ಕಥೆಯಂತೂ ನಮ್ಮ ಕೊಡಗಿನ ಒಂದೇ ಮನೆಯನ್ನು ಮುಟ್ಟುತ್ತದೆ.

ಮೊದಲನೆಯದು ಯೊಕೊಹಾಮಾದ ಹೊದೊಗಾಯಾದಲ್ಲಿರುವ ಕಾಮನ್‌ವೆಲ್ತ್ ಯುದ್ಧ ಸ್ಮಶಾನ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಕ್ಕಳ ಉದ್ಯಾನವೊಂದರ ಜಾಗದಲ್ಲಿ ಆಸ್ಟ್ರೇಲಿಯಾದವರು ಇದನ್ನು ನಿರ್ಮಿಸಿದರು. ಇಳಿಜಾರು ಹುಲ್ಲುಹಾಸು, ಎತ್ತರದ ಮರಗಳು, ನೆಲಕ್ಕಂಟಿದ ಸಾಲುಸಾಲು ಫಲಕಗಳು. ಇಲ್ಲಿ 1,500ಕ್ಕೂ ಹೆಚ್ಚು ಯೋಧರಿದ್ದಾರೆ. ಅವರಲ್ಲಿ ಬಹುಪಾಲು ಜನ ಯುದ್ಧಕೈದಿಗಳಾಗಿ ಜಪಾನಿನ ಶಿಬಿರಗಳಲ್ಲಿ ಸತ್ತವರು. ಶಿಬಿರಗಳಲ್ಲಿ ಶವಗಳನ್ನು ಸುಡುತ್ತಿದ್ದುದರಿಂದ 335 ಜನರ ಭಸ್ಮ ಒಂದೇ ಕಲಶದಲ್ಲಿ ಉಳಿಯಿತು. ಗೋಡೆಯ ಮೇಲೆ 284 ಹೆಸರುಗಳಿವೆ. ಉಳಿದ 51 ಮಂದಿಯ ಹೆಸರು ಯಾರಿಗೂ ಸಿಕ್ಕಲಿಲ್ಲ. ಬ್ರಿಟಿಷ್, ಆಸ್ಟ್ರೇಲಿಯನ್, ಕೆನಡಾ ಮತ್ತು ನ್ಯೂಜಿಲೆಂಡ್ ವಿಭಾಗಗಳಂತೆ ಭಾರತೀಯ ಪಡೆಗಳಿಗೂ ಪ್ರತ್ಯೇಕ ವಿಭಾಗವಿದೆ.

ಭಾರತೀಯ ಸೈನಿಕರು ಇಲ್ಲಿಗೆ ಕೈದಿಗಳಾಗಿ ಮಾತ್ರವಲ್ಲ, ಗೆದ್ದವರ ಕಡೆಯವರಾಗಿಯೂ ಬಂದಿದ್ದರು. ಜಪಾನ್ ಶರಣಾದ ಮೇಲೆ, 1946ರಲ್ಲಿ, ಕಾಮನ್‌ವೆಲ್ತ್ ಆಕ್ರಮಣ ಪಡೆಯ ಭಾಗವಾಗಿ 268ನೇ ಭಾರತೀಯ ಬ್ರಿಗೇಡ್ ಪಶ್ಚಿಮ ಜಪಾನಿಗೆ ಬಂದಿಳಿಯಿತು. ಅದರಲ್ಲಿ ಪಂಜಾಬಿಗಳಿದ್ದರು, ಗೂರ್ಖಾಗಳಿದ್ದರು, ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ ಇತ್ತು. ಬ್ರಿಗೇಡಿನ ದಂಡನಾಯಕ ಯಾರೆಂದರೆ ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಮುಂದೆ ಸ್ವತಂತ್ರ ಭಾರತದ ಭೂಸೇನಾ ಮುಖ್ಯಸ್ಥರಾದ ನಮ್ಮ ಜನರಲ್ ತಿಮ್ಮಯ್ಯನವರು! ಬರ್ಮಾದ ಕಾಂಗಾ ಕದನದಲ್ಲಿ ಜಪಾನೀಯರ ವಿರುದ್ಧ ಹೋರಾಡಿದ್ದ ಅವರು, 1945ರ ಸೆಪ್ಟೆಂಬರಿನಲ್ಲಿ ಸಿಂಗಪುರದ ಶರಣಾಗತಿ ಸಮಾರಂಭದಲ್ಲೂ ಹಾಜರಿದ್ದರು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಈ ಪಡೆಗಳೂ ಜಪಾನ್ ಬಿಟ್ಟು ಹೊರಟವು.

ಇನ್ನು ಅದೇ ಮನೆಯ ಮತ್ತೊಂದು ಮುಖ ನೋಡಿ. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಜಪಾನೀಯರ ಸೆರೆಯಾಗಿ, ಆಮೇಲೆ ಆಜಾದ್ ಹಿಂದ್ ಫೌಜ್ ಸೇರಿದವರು. ತಮ್ಮ ಬ್ರಿಟಿಷ್ ಬಾವುಟದ ಕೆಳಗೆ, ಅಣ್ಣ ನೇತಾಜಿಯ ಬಾವುಟದ ಕೆಳಗೆ. ಇವರಲ್ಲಿ ದೇಶಭಕ್ತ ಯಾರು ಎಂದು ಕೇಳುವುದು ಸುಲಭ. ಆದರೆ ಅಂದಿನ ಭಾರತೀಯ ಅಧಿಕಾರಿಯ ಇಕ್ಕಟ್ಟು ಗೊತ್ತಿದ್ದವರು ಹಾಗೆ ಕೇಳಲಾರರು ಎಂಬುದು ನಮ್ಮ ಅಭಿಪ್ರಾಯ.

ಆ ನೇತಾಜಿಯವರದೆಂದು ಹೇಳಲಾಗುವ ಚಿತಾಭಸ್ಮ ಟೋಕಿಯೋದ ಸುಗಿನಾಮಿಯ ರೆಂಕೋಜಿ ದೇವಾಲಯದಲ್ಲಿದೆ. 1945ರ ಆಗಸ್ಟ್ 18ರಂದು ತೈಪೆಯ ವಿಮಾನ ಅಪಘಾತ, ಒಂದು ತಿಂಗಳಲ್ಲಿ ಈ ಸಣ್ಣ ಬೌದ್ಧ ಗುಡಿಗೆ ಭಸ್ಮದ ಪೆಟ್ಟಿಗೆ. ರಾಜೇಂದ್ರ ಪ್ರಸಾದ್, ನೆಹರೂ, ಇಂದಿರಾ ಗಾಂಧಿ, ವಾಜಪೇಯಿ ಎಲ್ಲರೂ ಇಲ್ಲಿಗೆ ಬಂದು ಹೋದರು. ಷಾ ನವಾಜ್ ಸಮಿತಿ, ಖೋಸ್ಲಾ ಆಯೋಗ ಅಪಘಾತದ ಮಾತನ್ನು ಒಪ್ಪಿದವು; 2005ರಲ್ಲಿ ವರದಿ ಕೊಟ್ಟ ಮುಖರ್ಜಿ ಆಯೋಗ ಭಸ್ಮ ಅವರದಲ್ಲವೆಂದಿತು; ಸರ್ಕಾರ ಅದನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಪರದೇಶದ ಅತಿಥಿಯ ಭಸ್ಮವೆಂದು ನಂಬಿ ಇಷ್ಟು ವರ್ಷ ಅದನ್ನು ಕಾಪಾಡಿದ ಪುರೋಹಿತರ ಮನೆತನಕ್ಕೆ ಕೈ ಮುಗಿಯಲೇಬೇಕು.

ಮೂರನೆಯದು ತಾಮಾ ಸ್ಮಶಾನ. ಅಲ್ಲಿರುವವರು ರಾಸ್‌ಬಿಹಾರಿ ಬೋಸ್. ಅವರ ಪರಿಚಯ ನಮ್ಮ ಮಕ್ಕಳಿಗೂ ಒಂದು ರೀತಿಯಲ್ಲಿ ಉಂಟು, ಶಿಂಜುಕುವಿನ ನಾಕಾಮುರಾಯಾದ ಕರಿ ಉಂಡಿದ್ದರೆ! 1915ರಲ್ಲಿ ತಲೆಮರೆಸಿಕೊಂಡು ಬಂದ ಅವರಿಗೆ ಆಶ್ರಯ ಕೊಟ್ಟವರು ಆ ಅಂಗಡಿಯ ಸೋಮಾ ದಂಪತಿಗಳು. ಅವರ ಮಗಳು ತೋಶಿಕೋಳನ್ನು ಬೋಸ್ ಮದುವೆಯಾದರು. 1925ರಲ್ಲಿ ಆಕೆ ತೀರಿಕೊಂಡರು. 1927ರಲ್ಲಿ ಅಂಗಡಿಯಲ್ಲಿ ಭಾರತೀಯ ಕರಿ ಬಂತು. 1945ರ ಜನವರಿ 21ರಂದು, ಸ್ವಾತಂತ್ರ್ಯ ಕಾಣದೆ, ಬೋಸರೂ ಹೋದರು.

ರೆಂಕೋಜಿಗೆ ಮರುನೋಚಿ ಮಾರ್ಗದ ಹಿಗಾಶಿ ಕೋಯೆಂಜಿ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಹೊದೊಗಾಯಾಕ್ಕೆ ಮಾತ್ರ ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ, ಮಕ್ಕಳ ಕೈಗೆ ನೋಟ್‌ಬುಕ್ ಕೊಡಿ. ಭಾರತೀಯ ವಿಭಾಗದ ಹೆಸರುಗಳನ್ನೂ ರೆಜಿಮೆಂಟುಗಳನ್ನೂ ಬರೆದುಕೊಂಡು ಬಂದರೆ, ಯುದ್ಧ ಸ್ಮಶಾನ ಆಯೋಗದ ದಾಖಲೆಗಳಲ್ಲಿ ತಂದೆಯ ಹೆಸರು, ಹಳ್ಳಿ ಹುಡುಕಬಹುದು. ಅವರಲ್ಲಿ ಬೆಳಗಾವಿ, ಧಾರವಾಡದ ಕಡೆಯವರು ಯಾರಾದರೂ ಇದ್ದಾರೆಯೇ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.