ಮದ್ದುಗುಂಡು ಮರುಭರ್ತಿ ಯಂತ್ರ: ಆಯುಧ ಲೈಸೆನ್ಸುದಾರರು ಹಾಗೂ ಅರ್ಜಿದಾರರಿಗೆ ಮಾಹಿತಿ

ಆಯುಧ ಲೈಸೆನ್ಸ್ ಹೊಂದಿರುವ ರೈತರು, ಕ್ರೀಡಾಪಟುಗಳು ಹಾಗೂ ವಿದೇಶದಿಂದ ಸ್ವದೇಶಕ್ಕೆ ಮರಳುವ ನಾಗರಿಕರು ಮದ್ದುಗುಂಡು ಮರುಭರ್ತಿ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಅಥವಾ ಕೆಲಸದ ಮೇಜಿಗೆ ಜೋಡಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಕೋವಿಗೆ ಲೈಸೆನ್ಸ್ ಇದ್ದರೆ ಅದರ ತೋಟೆಯನ್ನು ತಯಾರಿಸಿಕೊಳ್ಳಲೂ ಅವಕಾಶವಿದೆಯೆಂಬ ತಪ್ಪು ತಿಳುವಳಿಕೆಯಿಂದ ಪ್ರಾಮಾಣಿಕ ಲೈಸೆನ್ಸುದಾರರೂ ಗಂಭೀರ ಅಪರಾಧಕ್ಕೆ ಗುರಿಯಾಗುವ ಸಂಭವವಿರುವುದರಿಂದ ಇದನ್ನು ಗಮನವಿಟ್ಟು ಓದಿಕೊಳ್ಳುವುದು ಸೂಕ್ತ.

1. ಯಂತ್ರದ ಸ್ವರೂಪ

ಒಂದು ತೋಟೆಯಲ್ಲಿ ನಾಲ್ಕು ಭಾಗಗಳಿರುತ್ತವೆ: ಹೊರಕವಚ, ಕೇಪು, ಮದ್ದು ಹಾಗೂ ಗುಂಡು ಅಥವಾ ಚರೆ. ಗುಂಡು ಹಾರಿದ ನಂತರ ಹೊರಕವಚ ಮಾತ್ರ ಉಳಿಯುತ್ತದೆ. ಈ ಖಾಲಿ ಕವಚದಿಂದ ಹಳೆಯ ಕೇಪನ್ನು ತೆಗೆದು, ಕವಚವನ್ನು ಮೊದಲಿನ ಅಳತೆಗೆ ತಂದು, ಹೊಸ ಕೇಪು, ಮದ್ದು ಮತ್ತು ಗುಂಡನ್ನು ಕೂರಿಸುವ ಕೆಲಸಕ್ಕೆ ಮರುಭರ್ತಿ ಎಂದು ಹೆಸರು. ಇದಕ್ಕೆ ಬಳಸುವ ಕೈಸನ್ನೆಯ ಒತ್ತುಯಂತ್ರವೇ ಮರುಭರ್ತಿ ಪ್ರೆಸ್.

ಸನ್ನೆಯನ್ನು ಕೆಳಗೆ ಒತ್ತಿದಾಗ ಯಂತ್ರದ ಒಳಗಿನ ಕಂಬವು ಕವಚವನ್ನು ಮೇಲಕ್ಕೆ ತಳ್ಳಿ, ಮೇಲ್ಭಾಗದಲ್ಲಿ ತಿರುಪಿನಿಂದ ಕೂರಿಸಿದ ಅಚ್ಚಿನೊಳಗೆ ಒತ್ತುತ್ತದೆ. ಈ ಒತ್ತಡವು ಮೇಜಿನ ಅಂಚನ್ನೇ ಎತ್ತುವಷ್ಟು ಇರುವುದರಿಂದ ಪ್ರೆಸ್ಸನ್ನು ದಪ್ಪ ಹಲಗೆಯ ಭಾರವಾದ ಮೇಜಿಗೆ, ಹಲಗೆಯನ್ನು ತೂರಿಹೋಗುವ ಬೋಲ್ಟುಗಳಿಂದ ಬಿಗಿಯುವುದು ಮತ್ತು ಮೇಜನ್ನು ಗೋಡೆಗೆ ಬಂಧಿಸುವುದು ಆ ಯಂತ್ರದ ವಾಡಿಕೆ. ಜೋಡಣೆ ಸಡಿಲವಿದ್ದಲ್ಲಿ ಅಥವಾ ಮದ್ದಿನ ತೂಕ ಹೆಚ್ಚು ಕಡಿಮೆಯಾದಲ್ಲಿ ಕೋವಿಯ ನಳಿಗೆಯೇ ಸಿಡಿದು ಬಳಸುವವರ ಕೈ ಮತ್ತು ಕಣ್ಣಿಗೆ ಅಪಾಯವಾಗಬಹುದು.

2. ಅಮೆರಿಕದಲ್ಲಿನ ಸ್ಥಿತಿ

ಈ ಯಂತ್ರದ ಬಳಕೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವ್ಯಾಪಕವಾಗಿದೆ. ಅಲ್ಲಿನ ಒಕ್ಕೂಟ ಕಾನೂನಿನಂತೆ ಸ್ವಂತ ಬಳಕೆಗಾಗಿ ಮರುಭರ್ತಿ ಮಾಡಿಕೊಳ್ಳುವವರಿಗೆ ತಯಾರಕರ ಲೈಸೆನ್ಸ್ ಬೇಕಿಲ್ಲ. ಮಾರಾಟಕ್ಕಾಗಿ ಮಾಡುವವರಿಗೆ ಬೇಕು. ಆದ್ದರಿಂದ ಅಲ್ಲಿ ಇದು ಮನೆಯ ಗ್ಯಾರೇಜಿನ ಸಾಮಾನ್ಯ ಹವ್ಯಾಸವಾಗಿದೆ. ಅಲ್ಲಿ ನೆಲೆಸಿದ್ದು ಕುಟುಂಬ ಸಮೇತ ಹಿಂದಿರುಗುವ ಕನ್ನಡಿಗರು ಅಲ್ಲಿನ ಪದ್ಧತಿಯೇ ಇಲ್ಲಿಯೂ ಇದೆಯೆಂದು ಭಾವಿಸತಕ್ಕದ್ದಲ್ಲ.

3. ಭಾರತದ ಕಾನೂನು

ಭಾರತದಲ್ಲಿ ಈ ವಿಷಯಕ್ಕೆ ಆಯುಧ ಅಧಿನಿಯಮ, 1959 ಹಾಗೂ ಆಯುಧ ನಿಯಮಗಳು, 2016 ಅನ್ವಯಿಸುತ್ತವೆ. ಮುಖ್ಯ ಅಂಶಗಳು ಈ ಕೆಳಕಂಡಂತಿವೆ:

(ಅ) ಕಲಂ 2ರಲ್ಲಿನ 'ಮದ್ದುಗುಂಡು' ಪದದ ಪರಿಭಾಷೆಯು ಸಿದ್ಧ ತೋಟೆಗೆ ಸೀಮಿತವಲ್ಲ. ಮದ್ದುಗುಂಡಿನ ಬಿಡಿಭಾಗಗಳು ಹಾಗೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಅದರಲ್ಲಿ ಸೇರಿವೆ. ಅಂದರೆ ಒಂದು ಹನಿ ಮದ್ದೂ ಇಲ್ಲದ, ಪೆಟ್ಟಿಗೆಯನ್ನೇ ತೆರೆಯದ ಪ್ರೆಸ್ ಸಹ ಕಾನೂನಿನ ದೃಷ್ಟಿಯಲ್ಲಿ ಕೇವಲ ಬಡಗಿಯ ಅಥವಾ ಫಿಟ್ಟರಿನ ಸಲಕರಣೆಯಲ್ಲ.

(ಆ) ಕಲಂ 3ರ ಮೇರೆಗೆ ನೀಡುವ ಲೈಸೆನ್ಸ್ ಕೋವಿ ಮತ್ತು ಮದ್ದುಗುಂಡನ್ನು ಪಡೆಯಲು, ಸ್ವಾಧೀನದಲ್ಲಿ ಇಟ್ಟುಕೊಳ್ಳಲು ಹಾಗೂ ಒಯ್ಯಲು ಮಾತ್ರ. ಇದು ತಯಾರಿಕೆಯ ಲೈಸೆನ್ಸ್ ಅಲ್ಲ.

(ಇ) ಮದ್ದುಗುಂಡಿನ ತಯಾರಿಕೆ, ಮಾರಾಟ, ವರ್ಗಾವಣೆ, ದುರಸ್ತಿ ಮುಂತಾದವುಗಳಿಗೆ ಕಲಂ 5ರ ಮೇರೆಗೆ ಪ್ರತ್ಯೇಕ ಲೈಸೆನ್ಸ್ ಇರತಕ್ಕದ್ದು. ಖಾಲಿ ಕವಚವನ್ನು ಮತ್ತೆ ಹಾರಿಸಬಹುದಾದ ತೋಟೆಯನ್ನಾಗಿ ಮಾಡುವುದು ತಯಾರಿಕೆಯೆಂದೇ ತಿಳಿಯತಕ್ಕದ್ದು.

(ಈ) ಕಲಂ 5ನ್ನು ಉಲ್ಲಂಘಿಸಿ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕಲಂ 25ರ ಮೇರೆಗೆ ಏಳು ವರ್ಷಗಳಿಗೆ ಕಡಿಮೆಯಿಲ್ಲದ, ಆಜೀವ ಕಾರಾವಾಸದವರೆಗೆ ವಿಸ್ತರಿಸಬಹುದಾದ ಶಿಕ್ಷೆ ಮತ್ತು ಜುಲ್ಮಾನೆ ಇದೆ. ತೋಟೆಗಳನ್ನು ಸ್ವಂತಕ್ಕೆ ಮಾಡಿಕೊಂಡಿದ್ದೇ ಹೊರತು ಮಾರಿಲ್ಲವೆಂಬ ಕಾರಣ ಲೈಸೆನ್ಸಿಗೆ ಬದಲಾಗುವುದಿಲ್ಲ.

(ಉ) ಆಯುಧ ಅಥವಾ ಮದ್ದುಗುಂಡನ್ನು ಸಮುದ್ರ, ಭೂಮಿ ಅಥವಾ ವಾಯುಮಾರ್ಗವಾಗಿ ದೇಶಕ್ಕೆ ತರಲು ಕಲಂ 10ರ ಮೇರೆಗೆ ಲೈಸೆನ್ಸ್ ಅಗತ್ಯ. ಮೇಲೆ (ಅ)ದಲ್ಲಿ ಹೇಳಿದ ಕಾರಣದಿಂದ, ಮನೆಸಾಮಾನಿನೊಡನೆ ಪ್ರೆಸ್ಸನ್ನು ಹಡಗಿನಲ್ಲಿ ಕಳುಹಿಸುವ ಮೊದಲೇ ಈ ವಿಷಯ ಇತ್ಯರ್ಥವಾಗಿರತಕ್ಕದ್ದು.

(ಊ) ಕೋವಿಯ ಮದ್ದು ಸ್ಫೋಟಕ ವಸ್ತುವಾಗಿರುವುದರಿಂದ ಸ್ಫೋಟಕಗಳ ಅಧಿನಿಯಮ, 1884 ಹಾಗೂ ಸ್ಫೋಟಕಗಳ ನಿಯಮಗಳು, 2008 ಸಹ ಅನ್ವಯಿಸುತ್ತವೆ.

4. ಬೆಳೆ ರಕ್ಷಣೆಯ ಕೋವಿ ಹೊಂದಿರುವ ರೈತರಿಗೆ

ಬೆಳೆ ರಕ್ಷಣೆಯ ನೈಜ ಉದ್ದೇಶಕ್ಕಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಕಲಂ 13ರ ಮೇರೆಗೆ ಲೈಸೆನ್ಸ್ ನೀಡಲು ಅವಕಾಶವಿದೆ. ಅಂತಹ ಕೋವಿಯು ಸಾಲದೆಂದು ಲೈಸೆನ್ಸ್ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ತೋಟೆ ಕೋವಿಗೂ ಲೈಸೆನ್ಸ್ ನೀಡಬಹುದು. ಕೇಪಿನ ಕೋವಿಗೆ ಮದ್ದು, ಚರೆ ತುಂಬುವುದು ಆ ಕೋವಿಯನ್ನು ಬಳಸುವ ಕ್ರಮವೇ ಆಗಿದೆ. ಆದರೆ ತೋಟೆ ಕೋವಿಯ ಖಾಲಿ ತೋಟೆಗಳಿಗೆ ಮನೆಯಲ್ಲಿ ಮದ್ದು ತುಂಬುವುದು ಬೇರೆಯೇ ವಿಷಯ. ಇವೆರಡನ್ನೂ ಒಂದೆಂದು ತಿಳಿಯಬಾರದು. ಮದ್ದು, ಕೇಪು ಹಾಗೂ ತೋಟೆಗಳನ್ನು ಲೈಸೆನ್ಸಿನಲ್ಲಿ ನಮೂದಿಸಿದ ಪರಿಮಾಣಕ್ಕೆ ಮೀರದಂತೆ ಅಧಿಕೃತ ವರ್ತಕರಿಂದಲೇ ಖರೀದಿಸಿ, ಖರೀದಿಯ ವಿವರವನ್ನು ಲೈಸೆನ್ಸಿನಲ್ಲಿ ದಾಖಲಿಸಿಕೊಳ್ಳತಕ್ಕದ್ದು.

ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಗೆ ಅನುಮತಿಯಲ್ಲ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿದೆ. ಈ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದಿದೆ. ಇದು ಅಧಿಸೂಚನೆಯಲ್ಲಿ ಹೇಳಿದ ಆಯುಧ ಮತ್ತು ಮದ್ದುಗುಂಡಿನ ಸ್ವಾಧೀನಕ್ಕೆ ಸಂಬಂಧಿಸಿದ್ದು. ಇದನ್ನು ಮನೆಯಲ್ಲಿ ತೋಟೆ ತಯಾರಿಸುವ ಅನುಮತಿಯೆಂದು ಅರ್ಥೈಸತಕ್ಕದ್ದಲ್ಲ.

5. ಯಂತ್ರವು ಈಗಾಗಲೇ ಮನೆಯಲ್ಲಿದ್ದಲ್ಲಿ ಅನುಸರಿಸಬೇಕಾದ ಕ್ರಮ

ದಿವಂಗತ ಹಿರಿಯರ ಸಾಮಾನುಗಳ ನಡುವೆ ಇಂತಹ ಯಂತ್ರ, ಕೇಪಿನ ಡಬ್ಬಿ ಅಥವಾ ಹಳೆಯ ಮದ್ದು ದೊರೆತಲ್ಲಿ ವಾರಸುದಾರರು ಗಾಬರಿಯಾಗಬೇಕಿಲ್ಲ; ಆದರೆ ತಡಮಾಡಲೂ ಬಾರದು.

(ಅ) ಯಂತ್ರವನ್ನು ಮೇಜಿಗೆ ಜೋಡಿಸಬಾರದು, ಚಲಾಯಿಸಿ ನೋಡಬಾರದು, ಇತರರಿಗೆ ಕೊಡಬಾರದು ಅಥವಾ ಮಾರಬಾರದು.

(ಆ) ಹಳೆಯ ಮದ್ದು ಮತ್ತು ಕೇಪುಗಳನ್ನು ಸುಡುವುದು, ಹೂಳುವುದು, ಬಾವಿಗೆ ಎಸೆಯುವುದು ಅಪಾಯಕರ. ಅವುಗಳನ್ನು ಒಲೆ, ದೀಪ ಮತ್ತು ಮಕ್ಕಳಿಂದ ದೂರವಿರಿಸಿ, ತಾವೇ ಸಾಗಿಸದೆ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.

(ಇ) ಯಾವುದೇ ಕಾರಣದಿಂದ ಸ್ವಾಧೀನವು ಕಾನೂನುಬದ್ಧವಾಗಿಲ್ಲದಿದ್ದಲ್ಲಿ, ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣಾಧಿಕಾರಿಯಲ್ಲಿ ಠೇವಣಿ ಇಡಬೇಕೆಂದು ಕಲಂ 21 ವಿಧಿಸುತ್ತದೆ.

(ಈ) ವಸ್ತುಗಳ ಪಟ್ಟಿ, ದೊರೆತ ಸ್ಥಳ, ದಿನಾಂಕ ಹಾಗೂ ಮೃತರ ಲೈಸೆನ್ಸಿನ ವಿವರಗಳನ್ನೊಳಗೊಂಡ ಪತ್ರವನ್ನು ಎರಡು ಪ್ರತಿಗಳಲ್ಲಿ ಸಲ್ಲಿಸಿ, ಒಂದರ ಮೇಲೆ ಸ್ವೀಕೃತಿ ಪಡೆದುಕೊಳ್ಳುವುದು ಒಳ್ಳೆಯದು. ಮುಂದೆ ಪ್ರಶ್ನೆ ಉದ್ಭವಿಸಿದಲ್ಲಿ ಈ ಸ್ವೀಕೃತಿಯೇ ಕುಟುಂಬಕ್ಕೆ ಆಧಾರ.

ಮೃತರ ಕೋವಿಯನ್ನು ಉಳಿಸಿಕೊಳ್ಳಲು ಇಚ್ಛಿಸುವ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು.

6. ಅರ್ಜಿ ಸಲ್ಲಿಸುವ ಕಚೇರಿ

ಲೈಸೆನ್ಸಿಗೆ ಸಂಬಂಧಿಸಿದ ಅರ್ಜಿಯನ್ನು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಗೂ, ಪೊಲೀಸ್ ಆಯುಕ್ತಾಲಯವಿರುವ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೂ ಸಲ್ಲಿಸತಕ್ಕದ್ದು. ವೈಯಕ್ತಿಕ ಲೈಸೆನ್ಸಿನ ಅರ್ಜಿ ನಮೂನೆ ಎ-1. ಠಾಣಾಧಿಕಾರಿಯ ವರದಿ ಪಡೆದು ಅರ್ಜಿಯನ್ನು ಪರಿಶೀಲಿಸಲಾಗುತ್ತದೆ. ತಿರಸ್ಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಾಸಕ್ತಿಗೆ ಧಕ್ಕೆಯಾಗದ ಹೊರತು ಅರ್ಜಿದಾರರು ಕೋರಿದಲ್ಲಿ ಅವುಗಳ ಸಂಕ್ಷಿಪ್ತ ವಿವರ ನೀಡಬೇಕು. ಆದೇಶದಿಂದ ಬಾಧಿತರಾದವರಿಗೆ ಕಲಂ 18ರ ಮೇರೆಗೆ ಮೇಲ್ಮನವಿಯ ಹಕ್ಕಿದೆ.

7. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ನೆನಪಿಗಾಗಿ ಒಂದು ಖಾಲಿ ತೋಟೆಯನ್ನು ಇಟ್ಟುಕೊಂಡರೆ ಅಪರಾಧವೇ?
ಉತ್ತರ: ಪೂರಕ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ ಕಲಂ 45ರಲ್ಲಿ ವಿನಾಯಿತಿ ಇದೆ. ಖಾಲಿ ತೋಟೆಯ ಜೊತೆಗೆ ಕೇಪು, ಮದ್ದು ಮತ್ತು ಪ್ರೆಸ್ ಇದ್ದಲ್ಲಿ ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರಶ್ನೆ: ಅಂತರಜಾಲದಲ್ಲಿ ಪ್ರೆಸ್ ಮಾರಾಟಕ್ಕಿದೆ. ತರಿಸಬಹುದೇ?
ಉತ್ತರ: ಮಾರಾಟಕ್ಕೆ ಇರುವುದೇ ಅನುಮತಿಯಲ್ಲ. ಲೈಸೆನ್ಸ್ ಪ್ರಾಧಿಕಾರದಿಂದ ಲಿಖಿತ ಉತ್ತರ ಪಡೆಯುವವರೆಗೆ ಹಣ ಪಾವತಿಸಬಾರದು.

ಪ್ರಶ್ನೆ: ಪ್ರೆಸ್ಸನ್ನು ಬೇರೆ ಕೆಲಸಕ್ಕೆ ಮೇಜಿಗೆ ಜೋಡಿಸಿಕೊಳ್ಳಬಹುದೇ?
ಉತ್ತರ: ಬೇರೆ ಕೆಲಸಕ್ಕೆ ಅದಕ್ಕಾಗಿಯೇ ತಯಾರಾದ ಉಪಕರಣವನ್ನು ಬಳಸುವುದು ಕ್ಷೇಮಕರ. ಯಂತ್ರದ ಸ್ವರೂಪವೇ ಅದರ ಉದ್ದೇಶವನ್ನು ತಿಳಿಸುತ್ತದೆ.

ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಜಿಲ್ಲಾಧಿಕಾರಿಗಳ ಅಥವಾ ಪೊಲೀಸ್ ಆಯುಕ್ತರ ಕಚೇರಿಯ ಆಯುಧ ಲೈಸೆನ್ಸ್ ಶಾಖೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ಇದ್ದು, ಯಾವುದೇ ಸಂದೇಹವಿದ್ದಲ್ಲಿ ಅಧಿನಿಯಮ ಹಾಗೂ ನಿಯಮಗಳ ಮೂಲಪಾಠವೇ ಅಂತಿಮ.